ನಿಮಗೇನು ಸಂಬಂಧ? ಲೋಕದ ನ್ಯಾಯಪೀಠದ ಮುಂದೆ ಸಣ್ಣ ದೇಶಗಳು

2018ರ ಮೇ ತಿಂಗಳಲ್ಲಿ ಢಾಕಾದಲ್ಲಿ ಇಸ್ಲಾಮಿಕ್ ಸಹಕಾರ ಸಂಘಟನೆಯ ವಿದೇಶಾಂಗ ಸಚಿವರ ಸಮ್ಮೇಳನ ಸೇರಿತ್ತು. ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದಿಂದ ಬರಬೇಕಿದ್ದ ವಿದೇಶಾಂಗ ಸಚಿವರಿಗೆ ಬರಲಾಗದೆ, ಅವರ ಬದಲಿಗೆ ಆ ದೇಶದ ಕಾನೂನು ಸಚಿವ ಅಬೂಬಕರ್ ತಂಬದು ಬಂದರು. ಉಳಿದ ಅತಿಥಿಗಳ ಜೊತೆ ಅವರೂ ಕಾಕ್ಸ್ ಬಜಾರ್‌ನ ನಿರಾಶ್ರಿತರ ಶಿಬಿರಗಳಿಗೆ ಹೋದರು. ಮ್ಯಾನ್ಮಾರ್‌ನ ರಖೈನ್ ಪ್ರಾಂತ್ಯದಲ್ಲಿ 2017ರ ಆಗಸ್ಟ್ 25ರಂದು ಶುರುವಾದ ಸೇನಾ ಕಾರ್ಯಾಚರಣೆಯಿಂದ ಜೀವ ಉಳಿಸಿಕೊಂಡು ಗಡಿ ದಾಟಿದ ಏಳು ಲಕ್ಷಕ್ಕೂ ಹೆಚ್ಚು ರೊಹಿಂಗ್ಯಾ ಜನರು ಅಲ್ಲಿನ ಗುಡ್ಡಗಳ ಮೇಲೆ ಬಿದಿರಿನ ಗಳಕ್ಕೆ ಟಾರ್ಪಾಲ್ ಹೊದಿಸಿಕೊಂಡು ಬದುಕುತ್ತಿದ್ದರು. ಸುಟ್ಟ ಊರು, ಬೆಂಕಿಗೆ ಎಸೆದ ಮಕ್ಕಳು, ಸೈನಿಕರು ಮಾಡಿದ ಅತ್ಯಾಚಾರ ಹೀಗೆ ಆ ಜನ ಹೇಳಿಕೊಂಡದ್ದನ್ನು ಬಹಳ ಮಂದಿ ಗಣ್ಯರು ಕೇಳಿ, ಮರುಗಿ, ಹಿಂದಿರುಗಿದರು. ತಂಬದು ಅವರಿಗೆ ಮಾತ್ರ ಈ ಮಾತುಗಳು ಹೊಸದಾಗಿ ಕೇಳಲಿಲ್ಲ. ರುವಾಂಡಾದ 1994ರ ನರಮೇಧದ ವಿಚಾರಣೆಗೆಂದು ಅರೂಶಾದಲ್ಲಿ ವಿಶ್ವಸಂಸ್ಥೆ ನಡೆಸಿದ ನ್ಯಾಯಮಂಡಳಿಯಲ್ಲಿ ಹಲವು ವರ್ಷ ವಕೀಲರಾಗಿ ದುಡಿದವರು ಅವರು. ತಾವು ಕೇಳುತ್ತಿರುವುದು ಬಿಡಿಬಿಡಿ ಕ್ರೌರ್ಯದ ಘಟನೆಗಳನ್ನಲ್ಲ, ಒಂದು ಜನಾಂಗವನ್ನೇ ಅಳಿಸುವ ಯತ್ನವನ್ನು ಎಂಬುದು ಅವರಿಗೆ ಅಲ್ಲೇ ಹೊಳೆಯಿತು.

ಮರುವರ್ಷ 2019ರ ನವೆಂಬರ್ 11ರಂದು ಗ್ಯಾಂಬಿಯಾ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಮ್ಯಾನ್ಮಾರ್ ವಿರುದ್ಧ ದಾವೆ ಹೂಡಿತು. ನರಮೇಧ ತಡೆ ಒಪ್ಪಂದವನ್ನು ಮ್ಯಾನ್ಮಾರ್ ಮುರಿದಿದೆ ಎಂಬುದು ಆರೋಪ.

ಗ್ಯಾಂಬಿಯಾ ಎಷ್ಟು ದೊಡ್ಡದೆಂದು ತಿಳಿಯಲು ನಮ್ಮ ಬೆಳಗಾವಿ ಜಿಲ್ಲೆಯನ್ನು ನೆನೆದರೆ ಸಾಕು, ಆ ದೇಶ ಬೆಳಗಾವಿಗಿಂತಲೂ ಚಿಕ್ಕದು. ಮೂರು ದಿಕ್ಕಿನಲ್ಲಿ ಸೆನೆಗಲ್, ಒಂದು ದಿಕ್ಕಿನಲ್ಲಿ ಅಟ್ಲಾಂಟಿಕ್ ಸಾಗರ, ನಡುವೆ ಒಂದು ನದಿ, ಅದರ ಎರಡು ದಡಗಳಲ್ಲಿ ಸುಮಾರು 25 ಲಕ್ಷ ಜನ. ಮ್ಯಾನ್ಮಾರ್‌ಗೂ ಅದಕ್ಕೂ ಗಡಿಯಿಲ್ಲ, ಹೇಳಿಕೊಳ್ಳುವಂಥ ವ್ಯಾಪಾರವಿಲ್ಲ. ರಖೈನ್‌ನಲ್ಲಿ ಸತ್ತವರಲ್ಲಿ ಒಬ್ಬನೂ ಗ್ಯಾಂಬಿಯಾದ ಪ್ರಜೆಯಲ್ಲ. ಹಾಗಾಗಿ ಮ್ಯಾನ್ಮಾರ್ ಕಡೆಯ ವಕೀಲರು ಎತ್ತಿದ ಮೊದಲ ಆಕ್ಷೇಪಗಳಲ್ಲಿ ಒಂದು ನಮ್ಮ ಊರಿನ ಪಂಚಾಯಿತಿ ಕಟ್ಟೆಯಲ್ಲೂ ಕೇಳಿಬರುವಂಥದ್ದೇ ಆಗಿತ್ತು. ಪೆಟ್ಟು ತಿಂದವರು ನೀವಲ್ಲ, ಹಾಗಿದ್ದ ಮೇಲೆ ನಿಮಗೇನು ಸಂಬಂಧ?

ಈ ಪ್ರಶ್ನೆಯ ಬೆನ್ನು ಹಿಡಿದು ಹೋದರೆ ಕಳೆದ ಎಂಬತ್ತು ವರ್ಷಗಳ ಮಾನವ ಹಕ್ಕುಗಳ ಚರಿತ್ರೆಯನ್ನು ಬೇರೊಂದು ಬಾಗಿಲಿನಿಂದ ನೋಡಿದಂತಾಗುತ್ತದೆ. ಆ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ದೊಡ್ಡವರ ಕೊಡುಗೆಯೆಂದು ಓದುತ್ತೇವೆ. ಮಹಾಯುದ್ಧ ಗೆದ್ದ ದೇಶಗಳು ನ್ಯೂರೆಂಬರ್ಗ್‌ನಲ್ಲಿ ವಿಚಾರಣೆ ನಡೆಸಿದವು, ಎಲಿನಾರ್ ರೂಸ್‌ವೆಲ್ಟ್ ಅಧ್ಯಕ್ಷತೆಯಲ್ಲಿ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ ರೂಪುಗೊಂಡಿತು, ಆಮೇಲೆ ಅದು ಉಳಿದ ಲೋಕಕ್ಕೆ ಹರಡಿತು ಎಂಬುದು ಪಠ್ಯಪುಸ್ತಕಗಳ ಕ್ರಮ. ಇದರಲ್ಲಿ ಸುಳ್ಳಿಲ್ಲ. ಆದರೆ 'ಇನ್ನೊಬ್ಬರ ಮೇಲಿನ ಅನ್ಯಾಯವನ್ನು ಪ್ರಶ್ನಿಸುವ ಹಕ್ಕು ಯಾರಿಗಿದೆ' ಎಂಬ ಮೂಲಭೂತ ಪ್ರಶ್ನೆಗೆ ಇಂದು ಸಿಕ್ಕಿರುವ ಉತ್ತರವನ್ನು ಗಳಿಸಿಕೊಟ್ಟವು ಬಹುಮಟ್ಟಿಗೆ ಸಣ್ಣ ದೇಶಗಳು. ಅದರಲ್ಲೂ ಸೋತ ಮೊಕದ್ದಮೆಗಳ ಮೂಲಕ. ಗೆದ್ದ ತೀರ್ಪುಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವ ಚರಿತ್ರೆಗೆ ಈ ದುಡಿಮೆ ಕಾಣದು.

ಮೊದಲು ಒಪ್ಪಂದದ ಹುಟ್ಟನ್ನೇ ನೋಡೋಣ. 'ಜೆನೊಸೈಡ್' ಎಂಬ ಪದವನ್ನು 1944ರಲ್ಲಿ ಟಂಕಿಸಿದ ಪೋಲೆಂಡ್ ಮೂಲದ ಯಹೂದಿ ವಕೀಲ ರಫಾಯೆಲ್ ಲೆಮ್ಕಿನ್, 1946ರಲ್ಲಿ ವಿಶ್ವಸಂಸ್ಥೆಯ ಮೊಗಸಾಲೆಗಳಲ್ಲಿ ಪ್ರತಿನಿಧಿಗಳನ್ನು ತಡೆದು ನಿಲ್ಲಿಸಿ ಬೇಡಿಕೊಂಡಾಗ, ವಿಷಯವನ್ನು ಮಹಾಸಭೆಯ ಕಾರ್ಯಸೂಚಿಗೆ ತಂದ ಮೂರು ದೇಶಗಳು ಪನಾಮಾ, ಕ್ಯೂಬಾ ಮತ್ತು ಭಾರತ. ನರಮೇಧವು ಅಂತರರಾಷ್ಟ್ರೀಯ ಅಪರಾಧ ಎಂಬ ನಿರ್ಣಯ 1946ರ ಡಿಸೆಂಬರ್ 11ರಂದು ಅಂಗೀಕಾರವಾಯಿತು. ಅದಕ್ಕೆ ಮೂರೇ ದಿನ ಮೊದಲು, ಡಿಸೆಂಬರ್ 8ರಂದು, ದಕ್ಷಿಣ ಆಫ್ರಿಕಾದಲ್ಲಿ ಭಾರತೀಯ ಮೂಲದವರನ್ನು ನಡೆಸಿಕೊಳ್ಳುತ್ತಿದ್ದ ರೀತಿಯ ಕುರಿತು ಭಾರತ ತಂದ ದೂರು 15 ಮತಗಳ ಎದುರು 32 ಮತಗಳಿಂದ ಗೆದ್ದಿತ್ತು. ಇದು ನಮ್ಮ ಆಂತರಿಕ ವಿಚಾರ, ಹೊರಗಿನವರಿಗೆ ಸಂಬಂಧವಿಲ್ಲ ಎಂದು ದಕ್ಷಿಣ ಆಫ್ರಿಕಾ ವಾದಿಸಿತ್ತು. ವಿಜಯಲಕ್ಷ್ಮಿ ಪಂಡಿತ್ ನೇತೃತ್ವದ ನಿಯೋಗ ಆ ವಾದವನ್ನು ಮುರಿಯಿತು. ಆಗ ಭಾರತಕ್ಕೆ ಸ್ವಾತಂತ್ರ್ಯವೂ ಬಂದಿರಲಿಲ್ಲ. ಲೋಕದ ಕಣ್ಣಿಗೆ ನಾವೂ ಅಂದು ದೊಡ್ಡ ದೇಶವಾಗಿರಲಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು.

ನರಮೇಧ ತಡೆ ಒಪ್ಪಂದ 1948ರ ಡಿಸೆಂಬರ್ 9ರಂದು, ಎಂದರೆ ಸಾರ್ವತ್ರಿಕ ಘೋಷಣೆಗೆ ಒಂದು ದಿನ ಮುಂಚೆ, ಅಂಗೀಕಾರವಾಯಿತು. ಅದರ 9ನೆಯ ವಿಧಿಯ ಪ್ರಕಾರ ಸದಸ್ಯ ದೇಶಗಳ ನಡುವೆ ವಿವಾದ ಬಂದರೆ ಯಾವುದೇ ಪಕ್ಷವು ಅದನ್ನು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಒಯ್ಯಬಹುದು. ಒಪ್ಪಂದದ ಹಲ್ಲು ಇರುವುದೇ ಈ ವಿಧಿಯಲ್ಲಿ. ಭಾರತ 1959ರಲ್ಲಿ ಒಪ್ಪಂದವನ್ನು ಸ್ಥಿರೀಕರಿಸುವಾಗ ಆ ವಿಧಿಗೆ ವಿನಾಯಿತಿ ಬರೆಯಿತು: ಪ್ರತಿ ಪ್ರಕರಣದಲ್ಲೂ ಎಲ್ಲ ಪಕ್ಷಗಳ ಒಪ್ಪಿಗೆ ಇಲ್ಲದೆ ನ್ಯಾಯಾಲಯಕ್ಕೆ ಹೋಗುವಂತಿಲ್ಲ. ಬಾಂಗ್ಲಾದೇಶದ್ದೂ ಅಂಥದೇ ವಿನಾಯಿತಿ. ಮ್ಯಾನ್ಮಾರ್ ಬೇರೆ ಎರಡು ವಿಧಿಗಳಿಗೆ ವಿನಾಯಿತಿ ಬರೆದರೂ 9ನೆಯದನ್ನು ಮುಟ್ಟಲಿಲ್ಲ. ನಿರಾಶ್ರಿತರ ಭಾರವನ್ನೆಲ್ಲ ಹೊತ್ತ ಬಾಂಗ್ಲಾದೇಶ ನ್ಯಾಯಾಲಯದ ಮೆಟ್ಟಿಲು ಹತ್ತಲಾಗದೆ ಸಾವಿರಾರು ಮೈಲಿ ಆಚೆಯ ಗ್ಯಾಂಬಿಯಾ ಹತ್ತಬೇಕಾಗಿ ಬಂದದ್ದಕ್ಕೆ ಇಂಥ ಒಣ ತಾಂತ್ರಿಕ ಕಾರಣವೂ ಇದೆ. ಗ್ಯಾಂಬಿಯಾ ಯಾವ ವಿನಾಯಿತಿಯನ್ನೂ ಬರೆದಿರಲಿಲ್ಲ.

ಮ್ಯಾನ್ಮಾರ್‌ನ ಹಳೆಯ ಹೆಸರಾದ ಬರ್ಮಾ ಎಂದಾಗ ನಮ್ಮ ಕರಾವಳಿಯವರೊಬ್ಬರ ಹೆಸರು ಹೇಳದೆ ಮುಂದೆ ಹೋಗಲು ಮನಸ್ಸು ಒಪ್ಪುವುದಿಲ್ಲ. ಭಾರತದ ಸಂವಿಧಾನ ಸಭೆಯ ಸಲಹೆಗಾರರಾಗಿದ್ದ, ದಕ್ಷಿಣ ಕನ್ನಡದ ಬೆನೆಗಲ್ ನರಸಿಂಗ ರಾವ್ ಅವರು ಬರ್ಮಾದ 1947ರ ಸಂವಿಧಾನ ರಚನೆಗೂ ನೆರವಾದರು. 1952ರಿಂದ 1953ರಲ್ಲಿ ತೀರಿಕೊಳ್ಳುವವರೆಗೆ ಇದೇ ಹೇಗ್ ನ್ಯಾಯಾಲಯದ ನ್ಯಾಯಾಧೀಶರಾಗಿದ್ದರು. ಅವರು ನೆರವಾದ ಸಂವಿಧಾನ ಅಲ್ಲಿ ಬಹುಕಾಲ ಉಳಿಯಲಿಲ್ಲ. 1962ರಲ್ಲಿ ಸೇನೆ ಅಧಿಕಾರ ಹಿಡಿಯಿತು, 1982ರ ಪೌರತ್ವ ಕಾನೂನು ರೊಹಿಂಗ್ಯಾ ಜನರನ್ನು ಹೆಚ್ಚುಕಡಿಮೆ ನಾಡಿಲ್ಲದವರನ್ನಾಗಿ ಮಾಡಿತು.

'ನಿಮಗೇನು ಸಂಬಂಧ' ಎಂಬ ಪ್ರಶ್ನೆಗೆ ಅತ್ಯಂತ ದುಬಾರಿ ಬೆಲೆ ತೆತ್ತವರು ಇಥಿಯೋಪಿಯಾ ಮತ್ತು ಲೈಬೀರಿಯಾ. ಇಂದಿನ ನಮೀಬಿಯಾ ಅಂದು ನೈಋತ್ಯ ಆಫ್ರಿಕಾ ಎನಿಸಿಕೊಂಡಿತ್ತು. ಜರ್ಮನಿಯ ವಸಾಹತಾಗಿದ್ದ ಆ ನಾಡನ್ನು ಮೊದಲ ಮಹಾಯುದ್ಧದ ನಂತರ ರಾಷ್ಟ್ರಗಳ ಒಕ್ಕೂಟ, ಅಂದರೆ ಲೀಗ್ ಆಫ್ ನೇಷನ್ಸ್, ಅಲ್ಲಿನ ಜನರ ಏಳಿಗೆ ನೋಡಿಕೊಳ್ಳುವುದು 'ನಾಗರಿಕತೆಯ ಪವಿತ್ರ ಹೊಣೆ' ಎಂಬ ಮಾತಿನೊಂದಿಗೆ ದಕ್ಷಿಣ ಆಫ್ರಿಕಾದ ಕೈಗೆ ಒಪ್ಪಿಸಿತು. ಕೈಗೆ ಬಂದದ್ದನ್ನು ದಕ್ಷಿಣ ಆಫ್ರಿಕಾ ಬಿಟ್ಟುಕೊಡಲಿಲ್ಲ. ತನ್ನ ವರ್ಣಭೇದ ನೀತಿಯನ್ನು ಅಲ್ಲಿಗೂ ಹಬ್ಬಿಸಿತು. ಹೊಣೆ ವಹಿಸಿದ ಪತ್ರದ 7ನೆಯ ಕಲಮಿನಲ್ಲಿ ಒಂದು ಕಿಂಡಿಯಿತ್ತು: ಒಕ್ಕೂಟದ ಯಾವುದೇ ಸದಸ್ಯ ದೇಶಕ್ಕೆ ಈ ಬಗ್ಗೆ ವಿವಾದವಿದ್ದರೆ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಬಹುದು. ಆ ಹಳೆಯ ಒಕ್ಕೂಟದಲ್ಲಿ ಸದಸ್ಯರಾಗಿದ್ದ ಕರಿಯರ ಆಫ್ರಿಕಾದ ದೇಶಗಳು ಎರಡೇ. 1960ರ ಜೂನ್‌ನಲ್ಲಿ ಅಡಿಸ್ ಅಬಾಬಾದಲ್ಲಿ ಸೇರಿದ ಸ್ವತಂತ್ರ ಆಫ್ರಿಕನ್ ದೇಶಗಳು ಮೊಕದ್ದಮೆ ಹೂಡಲು ನಿಶ್ಚಯಿಸಿದಾಗ, ಹೂಡುವ ಅರ್ಹತೆ ಕಾಗದದ ಮೇಲೆ ಇದ್ದದ್ದು ಅವೆರಡಕ್ಕೆ ಮಾತ್ರ. 1936ರಲ್ಲಿ ಇಟಲಿ ತನ್ನ ದೇಶವನ್ನು ನುಂಗಿದಾಗ ಜಿನೀವಾದಲ್ಲಿ ಇದೇ ಒಕ್ಕೂಟದ ಮುಂದೆ ನಿಂತು ಚಕ್ರವರ್ತಿ ಹೈಲೆ ಸೆಲಾಸಿ ಮಾಡಿದ ಮೊರೆಗೆ ಯಾರೂ ಓಗೊಟ್ಟಿರಲಿಲ್ಲ. ಕೂಗಿದರೂ ಕೇಳಿಸಿಕೊಳ್ಳದ ಲೋಕ ಹೇಗಿರುತ್ತದೆಂದು ಇಥಿಯೋಪಿಯಾಕ್ಕೆ ಯಾರೂ ಹೇಳಿಕೊಡಬೇಕಿರಲಿಲ್ಲ.

1960ರ ನವೆಂಬರ್ 4ರಂದು ದಾವೆ ದಾಖಲಾಯಿತು. ಪ್ರಕರಣ ಕೇಳುವ ಅಧಿಕಾರ ತನಗಿದೆ ಎಂದು 1962ರ ಡಿಸೆಂಬರ್‌ನಲ್ಲಿ ನ್ಯಾಯಾಲಯ 8–7ರ ಬಹುಮತದಿಂದ ಹೇಳಿತು. ಆಮೇಲೆ ಪುಟಗಟ್ಟಲೆ ಲಿಖಿತ ವಾದ, ತಿಂಗಳುಗಟ್ಟಲೆ ಮೌಖಿಕ ವಾದ, ತಜ್ಞರ ಸಾಕ್ಷ್ಯ. ಅಷ್ಟರಲ್ಲಿ ಪೀಠ ಬದಲಾಯಿತು: ಒಬ್ಬ ನ್ಯಾಯಾಧೀಶರು ತೀರಿಕೊಂಡರು, ಇನ್ನೊಬ್ಬರು ಕಾಯಿಲೆ ಬಿದ್ದರು, ಪಾಕಿಸ್ತಾನದ ಜಫ್ರುಲ್ಲಾ ಖಾನ್ ಈ ಪ್ರಕರಣದ ಪೀಠದಲ್ಲಿ ಕೂರಲಿಲ್ಲ. 1966ರ ಜುಲೈ 18ರಂದು ತೀರ್ಪು ಬಂದಾಗ ಮತಗಳು 7–7 ಆಗಿ ನಿಂತಿದ್ದವು. ಅಧ್ಯಕ್ಷರಾಗಿದ್ದ ಆಸ್ಟ್ರೇಲಿಯಾದ ಪರ್ಸಿ ಸ್ಪೆಂಡರ್ ತಮ್ಮ ನಿರ್ಣಾಯಕ ಮತ ಹಾಕಿದರು. ಇಥಿಯೋಪಿಯಾ ಮತ್ತು ಲೈಬೀರಿಯಾಕ್ಕೆ ಈ ವಿಷಯದಲ್ಲಿ ತಮ್ಮದೇ ಆದ ಕಾನೂನಾತ್ಮಕ ಹಿತಾಸಕ್ತಿ ಇಲ್ಲವಾದ್ದರಿಂದ ದಾವೆ ವಜಾ.

ತೀರ್ಪಿನ ತರ್ಕವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಅನ್ಯಾಯ ಅಡಗಿದ್ದು ಅದರ ನಯವಾದ ವಿಂಗಡಣೆಯಲ್ಲಿ. ಹೊಣೆಪತ್ರದಲ್ಲಿ ಎರಡು ಬಗೆಯ ಕಲಮುಗಳಿವೆ ಎಂದಿತು ನ್ಯಾಯಾಲಯ. ಸದಸ್ಯ ದೇಶಗಳ ಪ್ರಜೆಗಳಾದ ಮಿಷನರಿಗಳಿಗೆ ಆ ನಾಡಿನಲ್ಲಿ ಓಡಾಡುವ, ಧರ್ಮಪ್ರಚಾರ ಮಾಡುವ ಸ್ವಾತಂತ್ರ್ಯ ಕೊಡುವಂಥವು ಒಂದು ಬಗೆ. ಇವುಗಳ ಉಲ್ಲಂಘನೆಯಾದರೆ ಆಯಾ ದೇಶ ದಾವೆ ಹೂಡಬಹುದು. ಅಲ್ಲಿನ ಮೂಲ ನಿವಾಸಿಗಳನ್ನು ಹೇಗೆ ನಡೆಸಿಕೊಳ್ಳಬೇಕು ಎಂಬುದು ಇನ್ನೊಂದು ಬಗೆ. ಇದು ಒಕ್ಕೂಟಕ್ಕೆ ಸಲ್ಲಬೇಕಾದ ಬಾಧ್ಯತೆ, ಬಿಡಿ ದೇಶಗಳಿಗಲ್ಲ. ಒಕ್ಕೂಟವೋ ಎಂದೋ ಮುಚ್ಚಿಹೋಗಿತ್ತು. ಒಬ್ಬ ಲೈಬೀರಿಯನ್ ಪಾದ್ರಿಯನ್ನು ತಡೆದಿದ್ದರೆ ಲೈಬೀರಿಯಾ ಪ್ರಶ್ನಿಸಬಹುದಿತ್ತು. ಆ ನೆಲದ ಜನರೆಲ್ಲರ ಮತ, ಭೂಮಿ, ಓಡಾಟದ ಹಕ್ಕುಗಳನ್ನು ಕಸಿದರೆ ಪ್ರಶ್ನಿಸುವ ಅರ್ಹತೆ ಇಡೀ ಲೋಕದಲ್ಲಿ ಯಾರಿಗೂ ಇರಲಿಲ್ಲ! ಅಮೆರಿಕದ ಫಿಲಿಪ್ ಜೆಸಪ್ ಮತ್ತು ಜಪಾನಿನ ಕೊತಾರೊ ತನಾಕಾ ದೀರ್ಘವಾದ ಭಿನ್ನಮತ ಬರೆದರು. ತೀರ್ಪಿಗೆ ಕಾನೂನಿನಲ್ಲಿ ಯಾವ ಬುನಾದಿಯೂ ಇಲ್ಲ ಎಂದು ಜೆಸಪ್ ನೇರವಾಗಿಯೇ ಹೇಳಿದರು. ಅದೇ ದಿನ ನಮೀಬಿಯಾದ ವಿಮೋಚನಾ ಸಂಘಟನೆ ಸ್ವಾಪೊ, ಶಸ್ತ್ರ ಹಿಡಿಯದೆ ಬೇರೆ ದಾರಿ ಉಳಿದಿಲ್ಲವೆಂದು ಘೋಷಿಸಿತು. ಆಗಸ್ಟ್ 26ರಂದು ಮೊದಲ ಗುಂಡಿನ ಕಾಳಗ ನಡೆಯಿತು. ಅಲ್ಲಿಂದ ಸ್ವಾತಂತ್ರ್ಯ ಬರಲು 1990ರ ಮಾರ್ಚ್ 21ರವರೆಗೆ ಕಾಯಬೇಕಾಯಿತು.

ಆದರೆ ಆ ಸೋಲು ಅಲ್ಲಿಗೇ ಮುಗಿಯಲಿಲ್ಲ. ತೀರ್ಪು ಬಂದ ಮೂರೇ ತಿಂಗಳಿಗೆ, 1966ರ ಅಕ್ಟೋಬರ್ 27ರಂದು, ವಿಶ್ವಸಂಸ್ಥೆಯ ಮಹಾಸಭೆ ದಕ್ಷಿಣ ಆಫ್ರಿಕಾಕ್ಕೆ ಕೊಟ್ಟಿದ್ದ ಹೊಣೆಯನ್ನೇ ರದ್ದುಮಾಡಿತು. ಹೊಸದಾಗಿ ಸ್ವತಂತ್ರವಾದ ದೇಶಗಳಿಗೆ ನ್ಯಾಯಾಲಯದ ಮೇಲಿನ ನಂಬಿಕೆ ಹೋಯಿತು, ಆ ಅಪನಂಬಿಕೆ ನ್ಯಾಯಾಲಯವನ್ನೂ ತಟ್ಟಿತು. 1970ರ ಫೆಬ್ರವರಿ 5ರಂದು ಬೆಲ್ಜಿಯಂ ಮತ್ತು ಸ್ಪೇನ್ ನಡುವಣ ವಿದ್ಯುತ್ ಕಂಪನಿಯೊಂದರ ಷೇರುದಾರರ ವ್ಯಾಜ್ಯದಲ್ಲಿ, ಪ್ರಕರಣಕ್ಕೆ ನೇರವಾಗಿ ಬೇಕಿರದಿದ್ದರೂ, ನ್ಯಾಯಾಲಯ ಒಂದು ಮಾತು ಸೇರಿಸಿತು: ಕೆಲವು ಬಾಧ್ಯತೆಗಳು ಒಂದು ದೇಶ ಇನ್ನೊಂದು ದೇಶಕ್ಕೆ ತೀರಿಸಬೇಕಾದ ಋಣವಲ್ಲ, ಇಡೀ ಅಂತರರಾಷ್ಟ್ರೀಯ ಸಮುದಾಯಕ್ಕೆ ಸಲ್ಲಬೇಕಾದವು, ನರಮೇಧ, ಗುಲಾಮಗಿರಿ, ವರ್ಣಭೇದದಿಂದ ರಕ್ಷಣೆ ಅಂಥವು, ಅವುಗಳ ಪಾಲನೆಯಲ್ಲಿ ಎಲ್ಲ ದೇಶಗಳಿಗೂ ಕಾನೂನಾತ್ಮಕ ಹಿತಾಸಕ್ತಿ ಇದೆ. ಲ್ಯಾಟಿನ್‌ನಲ್ಲಿ ಇದನ್ನು 'ಎರ್ಗಾ ಓಮ್ನೆಸ್' ಬಾಧ್ಯತೆ ಎನ್ನುತ್ತಾರೆ. 1966ರ ತೀರ್ಪಿಗೆ ನ್ಯಾಯಾಲಯ ತಾನೇ ಮಾಡಿಕೊಂಡ ಪ್ರಾಯಶ್ಚಿತ್ತವಿದು ಎಂದು ಅನೇಕ ಕಾನೂನು ಪಂಡಿತರು ಓದಿದ್ದಾರೆ, ನನಗೂ ಹಾಗೆಯೇ ಅನಿಸುತ್ತದೆ. ನಮ್ಮ ಓದುಗರಿಗೆ ಇದು ಅಪರಿಚಿತವಾದ ವಿಚಾರವಲ್ಲ. ಜೈಲಿನಲ್ಲಿ ಕೊಳೆಯುವ ವಿಚಾರಣಾಧೀನ ಕೈದಿಯ ಪರವಾಗಿ, ಜೀತದಾಳಿನ ಪರವಾಗಿ ಸಂಬಂಧವೇ ಇಲ್ಲದ ಮೂರನೆಯವರು ಕೋರ್ಟಿಗೆ ಹೋಗಬಹುದೆಂದು ನಮ್ಮ ಸುಪ್ರೀಂ ಕೋರ್ಟ್ 1980ರ ಆಸುಪಾಸಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಗೆ ಬಾಗಿಲು ತೆರೆದಾಗ ಒಡೆದದ್ದೂ ಇದೇ ಗೋಡೆಯನ್ನು.

ಬಾಗಿಲು ತತ್ತ್ವದಲ್ಲಿ ತೆರೆದರೂ ಅದನ್ನು ದಾಟಿ ಒಳಗೆ ಹೋಗುವವರು ಬೇಕಲ್ಲ. 2014ರ ಏಪ್ರಿಲ್ 24ರಂದು ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳು ಅಣ್ವಸ್ತ್ರ ಹೊಂದಿದ ಒಂಬತ್ತು ದೇಶಗಳ ವಿರುದ್ಧ ಅರ್ಜಿ ಹಾಕಿದವು. ನಿಶ್ಶಸ್ತ್ರೀಕರಣದ ಮಾತುಕತೆ ನಡೆಸುವ ಬಾಧ್ಯತೆಯನ್ನು ಇವು ಪಾಲಿಸುತ್ತಿಲ್ಲ ಎಂಬುದು ದೂರು. ಅಮೆರಿಕ 1946ರಿಂದ 1958ರವರೆಗೆ ಆ ದ್ವೀಪಗಳಲ್ಲಿ 67 ಅಣ್ವಸ್ತ್ರ ಪರೀಕ್ಷೆ ನಡೆಸಿತ್ತು. ಅರ್ಜಿ ಹಾಕಿದಾಗ ವಿದೇಶಾಂಗ ಸಚಿವರಾಗಿದ್ದ ಟೋನಿ ಡಿ ಬ್ರಮ್, 1954ರ ಮಾರ್ಚ್ 1ರಂದು ಒಂಬತ್ತು ವರ್ಷದ ಹುಡುಗನಾಗಿ ತಾತನ ಜೊತೆ ಮೀನು ಹಿಡಿಯುತ್ತಿದ್ದಾಗ ದೂರದ ಬಿಕಿನಿಯಲ್ಲಿ ಸಿಡಿದ ಬಾಂಬಿಗೆ ಇಡೀ ಆಕಾಶ ರಕ್ತದಂತೆ ಕೆಂಪಾದದ್ದನ್ನು ಕಂಡವರು. ನ್ಯಾಯಾಲಯದ ಅಧಿಕಾರವ್ಯಾಪ್ತಿಯನ್ನು ಮೊದಲೇ ಒಪ್ಪಿದ್ದ ಬ್ರಿಟನ್, ಭಾರತ, ಪಾಕಿಸ್ತಾನಗಳ ವಿರುದ್ಧದ ಪ್ರಕರಣಗಳು ಮಾತ್ರ ಮುಂದುವರಿದವು. 2016ರ ಅಕ್ಟೋಬರ್ 5ರಂದು ಮೂರೂ ವಜಾ ಆದವು. ಭಾರತದ ಪ್ರಕರಣದಲ್ಲಿ 9–7, ಬ್ರಿಟನ್‌ನದ್ದರಲ್ಲಿ 8–8 ಸಮವಾಗಿ ಮತ್ತೆ ಅಧ್ಯಕ್ಷರ ನಿರ್ಣಾಯಕ ಮತ. ಅರ್ಜಿ ಹಾಕುವ ಮುಂಚೆ ಈ ದೇಶಗಳಿಗೆ ನಿಮ್ಮೊಡನೆ ವಿವಾದವಿದೆ ಎಂಬುದು ಗೊತ್ತಿತ್ತೆಂದು ತೋರುವುದಿಲ್ಲ, ಆದ್ದರಿಂದ 'ವಿವಾದ'ವೇ ಇಲ್ಲ ಎಂಬುದು ಕಾರಣ. ನಮ್ಮ ದೇಶ ಪ್ರತಿವಾದಿಯಾಗಿದ್ದ ಪ್ರಕರಣವಾದರೂ ಕನ್ನಡದಲ್ಲಿ ಇದರ ಚರ್ಚೆ ನಡೆದದ್ದು ಬಹಳ ಕಡಿಮೆ. ಭಾರತದ ರಕ್ಷಣಾ ನಿಲುವನ್ನು ಒಪ್ಪುವವರಿಗೂ ಆ ಹುಡುಗ ಕಂಡ ಆಕಾಶದ ಬಗ್ಗೆ ತಿಳಿಯಬೇಕಾದದ್ದಿದೆ.

ಮಾರ್ಷಲ್ ದ್ವೀಪಗಳ ಸೋಲಿನಿಂದ ಪಾಠ ಕಲಿತಂತೆ ಗ್ಯಾಂಬಿಯಾ ಹೆಜ್ಜೆ ಇಟ್ಟಿತು. ದಾವೆಗೆ ಸರಿಯಾಗಿ ಒಂದು ತಿಂಗಳು ಮುಂಚೆ, 2019ರ ಅಕ್ಟೋಬರ್ 11ರಂದು, ಅದು ಮ್ಯಾನ್ಮಾರ್‌ಗೆ ಒಂದು ರಾಜತಾಂತ್ರಿಕ ಪತ್ರ ಕಳಿಸಿತು: ನರಮೇಧ ತಡೆ ಒಪ್ಪಂದವನ್ನು ನೀವು ಉಲ್ಲಂಘಿಸುತ್ತಿದ್ದೀರಿ, ಪಾಲಿಸಿ. ಮ್ಯಾನ್ಮಾರ್ ಉತ್ತರ ಕೊಡಲಿಲ್ಲ. ವಿವಾದವೇ ಇರಲಿಲ್ಲ ಎಂದು ಆ ದೇಶ ಆಮೇಲೆ ವಾದಿಸಿದಾಗ, ಇಷ್ಟು ಗಂಭೀರ ಆರೋಪದ ಮುಂದೆ ಮೌನವಾಗಿರುವುದರಿಂದಲೂ ವಿವಾದ ಇದೆಯೆಂದು ತಿಳಿಯಬಹುದು ಎಂದಿತು ನ್ಯಾಯಾಲಯ. ಪುಟ್ಟ ದೇಶದ ಒಂದು ಪತ್ರ ಎಷ್ಟು ಕೆಲಸ ಮಾಡಿತು!

2019ರ ಡಿಸೆಂಬರ್‌ನಲ್ಲಿ ಮೂರು ದಿನ ನಡೆದ ಮೊದಲ ವಿಚಾರಣೆಗೆ ಮ್ಯಾನ್ಮಾರ್ ಪರವಾಗಿ ಬಂದು ನಿಂತವರು ಆಗ ಅಲ್ಲಿನ ಸರಕಾರ ನಡೆಸುತ್ತಿದ್ದ ನಾಯಕಿ ಆಂಗ್ ಸಾನ್ ಸೂ ಕಿ. 2020ರ ಜನವರಿ 23ರಂದು ನ್ಯಾಯಾಲಯ ಅವಿರೋಧವಾಗಿ ಮಧ್ಯಂತರ ಆದೇಶ ಕೊಟ್ಟಿತು: ರೊಹಿಂಗ್ಯಾ ಜನರನ್ನು ರಕ್ಷಿಸಬೇಕು, ಸಾಕ್ಷ್ಯ ಉಳಿಸಬೇಕು, ನಿಯತವಾಗಿ ವರದಿ ಸಲ್ಲಿಸಬೇಕು. 2022ರ ಜುಲೈ 22ರಂದು ಹಳೆಯ ಪ್ರಶ್ನೆಗೆ 15–1ರ ಬಹುಮತದಿಂದ ಉತ್ತರವೂ ಬಂತು. ಒಪ್ಪಂದಕ್ಕೆ ಸಹಿ ಹಾಕಿದ ಪ್ರತಿಯೊಂದು ದೇಶಕ್ಕೂ, ತನಗೆ ನೇರ ನಷ್ಟವಾಗದಿದ್ದರೂ, ನರಮೇಧವನ್ನು ಪ್ರಶ್ನಿಸುವ ಹಕ್ಕಿದೆ. 1966ರಲ್ಲಿ ಇಥಿಯೋಪಿಯಾ, ಲೈಬೀರಿಯಾಗಳಿಗೆ ಸಿಗದ ಮಾತು 56 ವರ್ಷಗಳ ಮೇಲೆ ಗ್ಯಾಂಬಿಯಾದ ಬಾಯಲ್ಲಿ ಸಿಕ್ಕಿತು. 2023ರ ನವೆಂಬರ್‌ನಲ್ಲಿ ಕೆನಡಾ, ಡೆನ್ಮಾರ್ಕ್, ಫ್ರಾನ್ಸ್, ಜರ್ಮನಿ, ನೆದರ್ಲೆಂಡ್ಸ್, ಬ್ರಿಟನ್ ಒಟ್ಟಾಗಿಯೂ, ಮಾಲ್ಡೀವ್ಸ್ ಪ್ರತ್ಯೇಕವಾಗಿಯೂ ಪ್ರಕರಣದಲ್ಲಿ ಮಧ್ಯಪ್ರವೇಶ ಕೋರಿದವು; ದೊಡ್ಡವರು ಬಂದದ್ದು ಬಾಗಿಲು ತೆರೆದ ಮೇಲೆ. ಅದೇ ವರ್ಷದ ಡಿಸೆಂಬರ್ 29ರಂದು ಗಾಜಾದ ವಿಷಯದಲ್ಲಿ ಇಸ್ರೇಲ್ ವಿರುದ್ಧ ಇದೇ ತತ್ತ್ವದ ಮೇಲೆ ದಾವೆ ಹೂಡಿದ್ದು ದಕ್ಷಿಣ ಆಫ್ರಿಕಾ. ಅಂದು 'ನಿಮಗೇನು ಸಂಬಂಧ' ಎಂದು ಪಾರಾದ ದೇಶವೇ ಇಂದು, ಬೇರೆ ಜನರ ಆಳ್ವಿಕೆಯಲ್ಲಿ, ನಮಗೂ ಸಂಬಂಧವಿದೆ ಎನ್ನುತ್ತಿದೆ. ಮ್ಯಾನ್ಮಾರ್ ಪ್ರಕರಣದ ಅಂತಿಮ ಹಂತದ ವಿಚಾರಣೆ 2026ರ ಜನವರಿಯಲ್ಲಿ ಹೇಗ್‌ನಲ್ಲಿ ನಡೆಯಿತು.

ಈ ಎಲ್ಲವೂ ಒಬ್ಬ ಸಚಿವರ ಒಳ್ಳೆಯತನದಿಂದ ಆಯಿತೆಂದು ಹೇಳಿದರೆ ಅದು ಅರೆಸತ್ಯವಾಗುತ್ತದೆ. ಗ್ಯಾಂಬಿಯಾ ಯಾಹ್ಯಾ ಜಮ್ಮೆಯ 22 ವರ್ಷಗಳ ಸರ್ವಾಧಿಕಾರದಿಂದ 2017ರ ಜನವರಿಯಲ್ಲಷ್ಟೇ ಬಿಡುಗಡೆ ಪಡೆದಿತ್ತು. ಚಿತ್ರಹಿಂಸೆ, ಕಾಣೆಯಾದವರು, ಮೌನವಾಗಿದ್ದ ಲೋಕ ಇವೆಲ್ಲ ಅಲ್ಲಿನ ಜನಕ್ಕೆ ಹಸಿ ಗಾಯ. ಜೊತೆಗೆ ಆ ಪುಟ್ಟ ದೇಶದಲ್ಲಿ ಕಾನೂನಿನ ಒಂದು ಪರಂಪರೆಯೂ ಇದೆ. ಆಫ್ರಿಕಾದ ಮಾನವ ಹಕ್ಕುಗಳ ಸನ್ನದನ್ನು 'ಬಾಂಜುಲ್ ಸನ್ನದು' ಎಂದು ಕರೆಯುವುದೇ ಗ್ಯಾಂಬಿಯಾದ ರಾಜಧಾನಿಯ ಹೆಸರಿನಿಂದ. 1981ರಲ್ಲಿ ಅಂಗೀಕಾರವಾದ ಆ ಸನ್ನದಿನ ಕರಡು ಅಲ್ಲಿ ಸಿದ್ಧವಾಯಿತು, ಅದರ ಆಯೋಗದ ಕಚೇರಿ ಇಂದಿಗೂ ಅಲ್ಲಿದೆ. ರುವಾಂಡಾ ನ್ಯಾಯಮಂಡಳಿಯ ಮುಖ್ಯ ಅಭಿಯೋಜಕರಾಗಿದ್ದ ಹಸನ್ ಜಾಲ್ಲೊ, ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದಲ್ಲಿ ಅದೇ ಹುದ್ದೆಯಲ್ಲಿದ್ದ ಫಾತೂ ಬೆನ್‌ಸೂಡಾ ಇಬ್ಬರೂ ಗ್ಯಾಂಬಿಯಾದವರು.

ಆಕ್ಷೇಪಗಳೂ ಇವೆ, ಅವು ಹಗುರವಾದವಲ್ಲ. ಮೊಕದ್ದಮೆಯ ಬೆನ್ನಿಗೆ ಇಸ್ಲಾಮಿಕ್ ಸಹಕಾರ ಸಂಘಟನೆಯ ಬೆಂಬಲ, ಹಣ ಇತ್ತು. ಗ್ಯಾಂಬಿಯಾ ಕೇವಲ ಮುಖವಾಡ ಎಂದು ಮ್ಯಾನ್ಮಾರ್ ವಾದಿಸಿತು. ನೆರವು ಪಡೆದ ಮಾತ್ರಕ್ಕೆ ದಾವೆ ತನ್ನದಲ್ಲವೆಂದು ಆಗದು ಎಂದು ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ಅದು ಸರಿ. ಹೇಗ್‌ನಲ್ಲಿ ವರ್ಷಗಟ್ಟಲೆ ವಕೀಲರನ್ನು ಇಟ್ಟುಕೊಳ್ಳುವ ಶಕ್ತಿ ಬಡ ದೇಶಕ್ಕೆ ಇಲ್ಲದಿರುವಾಗ, ನೆರವು ಪಡೆಯುವುದೇ ದೋಷವಾದರೆ ನ್ಯಾಯವು ಉಳ್ಳವರ ಸೊತ್ತಾಗುತ್ತದೆ. ಆ ಸಂಘಟನೆಯ ಸದಸ್ಯ ದೇಶಗಳಲ್ಲಿ ಕೆಲವು ತಮ್ಮ ಮನೆಯ ಅಲ್ಪಸಂಖ್ಯಾತರ ವಿಷಯದಲ್ಲಿ ಬಾಯಿ ಬಿಡುವುದಿಲ್ಲ ಎಂಬುದು ಮಾತ್ರ ನಿಜ, ಅದನ್ನು ಮುಚ್ಚಿಟ್ಟು ಈ ಕಥೆ ಹೇಳಬಾರದು. ಇನ್ನೊಂದು ಕಹಿ ಸತ್ಯ, ಮಧ್ಯಂತರ ಆದೇಶದ ಮೇಲೂ ಶಿಬಿರಗಳು ಖಾಲಿಯಾಗಿಲ್ಲ. 2021ರ ಫೆಬ್ರವರಿಯಲ್ಲಿ ಸೇನೆ ಮತ್ತೆ ಅಧಿಕಾರ ಕಸಿದು, ತನ್ನ ಪರ ವಾದಿಸಿದ್ದ ಸೂ ಕಿ ಅವರನ್ನೇ ಬಂಧಿಸಿತು. ನ್ಯಾಯಾಲಯಕ್ಕೆ ಪೊಲೀಸರಿಲ್ಲ. ಅದರ ಆದೇಶ ಮಾಡುವುದು ಬೇರೆ ಕೆಲಸ: ಸಾಕ್ಷ್ಯವನ್ನು ದಾಖಲೆಗೆ ಸೇರಿಸುತ್ತದೆ, 'ಹಾಗೇನೂ ಆಗಿಲ್ಲ' ಎನ್ನುವುದನ್ನು ಕಷ್ಟಮಾಡುತ್ತದೆ.

ಇಷ್ಟು ದೊಡ್ಡ ದುಡಿಮೆ ಕಣ್ಣಿಗೆ ಬೀಳದಿರುವುದಕ್ಕೆ ಕಾರಣ ದಾಖಲೆಗಳ ಅಭಾವವಲ್ಲ, ನಾವು ನೋಡುವ ದಿಕ್ಕು. ಸಾರ್ವತ್ರಿಕ ಘೋಷಣೆಯ ಮೊದಲ ವಿಧಿಯಲ್ಲಿ 'ಎಲ್ಲ ಪುರುಷರು' ಎಂಬರ್ಥ ಬರುವ ಮಾತಿನ ಬದಲು 'ಎಲ್ಲ ಮಾನವರು' ಎಂದಾದದ್ದು ನಮ್ಮ ಹಂಸಾ ಮೆಹ್ತಾ ಅವರಿಂದ ಎಂದು ಈಗೀಗ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದೇ ಕಾಲಕ್ಕೆ ಸ್ತ್ರೀ ಪುರುಷರ ಸಮಾನ ಹಕ್ಕು ಎಂಬ ಮಾತಿಗಾಗಿ ಹೋರಾಡಿದ ಡೊಮಿನಿಕನ್ ಗಣರಾಜ್ಯದ ಮಿನರ್ವಾ ಬರ್ನಾರ್ಡಿನೊ ಅವರ ಹೆಸರನ್ನು ನಮ್ಮಲ್ಲಿ ಕೇಳಿದವರು ಎಷ್ಟು ಮಂದಿ? ವಿಶ್ವಸಂಸ್ಥೆಯ ಸನ್ನದಿಗೆ ಸಹಿ ಹಾಕಿದ ನಾಲ್ವರು ಮಹಿಳೆಯರಲ್ಲಿ ಅವರೊಬ್ಬರು. ಲ್ಯಾಟಿನ್ ಅಮೆರಿಕದ ದೇಶಗಳು ಬೊಗೋಟಾದಲ್ಲಿ ಸೇರಿ ಮನುಷ್ಯರ ಹಕ್ಕು ಮತ್ತು ಕರ್ತವ್ಯಗಳ ಘೋಷಣೆಯನ್ನು ಒಪ್ಪಿದ್ದು 1948ರ ವಸಂತದಲ್ಲಿ, ಪ್ಯಾರಿಸ್‌ನ ಸಾರ್ವತ್ರಿಕ ಘೋಷಣೆಗೆ ತಿಂಗಳುಗಳ ಮುಂಚೆ. ಆರ್ಥಿಕ, ಸಾಮಾಜಿಕ ಹಕ್ಕುಗಳಿಗಾಗಿ ಪಟ್ಟು ಹಿಡಿದವರಲ್ಲಿ ಚಿಲಿಯ ಹೆರ್ನಾನ್ ಸಾಂತಾ ಕ್ರೂಸ್ ಒಬ್ಬರು.

1960ರ ದಶಕದ ಕಥೆಯಂತೂ ಪೂರ್ತಿ ಮರೆತೇಹೋಗಿದೆ. ಸಾರ್ವತ್ರಿಕ ಘೋಷಣೆಯ ಹಿಂದೆ ಬರಬೇಕಿದ್ದ ಒಡಂಬಡಿಕೆಗಳು ಶೀತಲ ಸಮರದಲ್ಲಿ ಸಿಕ್ಕಿ ವರ್ಷಗಟ್ಟಲೆ ನೆನೆಗುದಿಗೆ ಬಿದ್ದಿದ್ದವು. ಫ್ರೆಂಚ್ ಮಾತಾಡುವ ಆಫ್ರಿಕಾದ ಹೊಸ ದೇಶಗಳು 1962ರಲ್ಲಿ ಜನಾಂಗ ತಾರತಮ್ಯದ ವಿರುದ್ಧ ಒಪ್ಪಂದಕ್ಕೆ ಒತ್ತಾಯಿಸಿದವು. 1965ರ ಡಿಸೆಂಬರ್ 21ರಂದು ಅದು ಅಂಗೀಕಾರವಾದಾಗ, ಒಪ್ಪಂದ ಪಾಲನೆಯಾಗುತ್ತಿದೆಯೇ ಎಂದು ನೋಡಲು ಸಮಿತಿ, ವ್ಯಕ್ತಿಗಳು ದೂರು ಕೊಡುವ ಅವಕಾಶ ಇವೆರಡೂ ಅದರೊಳಗಿದ್ದವು. ಘಾನಾ ಮತ್ತು ಫಿಲಿಪ್ಪೀನ್ಸ್ ಪ್ರತಿನಿಧಿಗಳು ಅದಕ್ಕಾಗಿ ದುಡಿದಿದ್ದರು. ಮರುವರ್ಷದ ಎರಡು ದೊಡ್ಡ ಒಡಂಬಡಿಕೆಗಳಿಗೆ ಇದೇ ಹಾದಿಯಾಯಿತು. 1962ರ ಆಗಸ್ಟ್‌ನಲ್ಲಿ ಸ್ವತಂತ್ರವಾದ ಜಮೈಕಾ ವಿಶ್ವಸಂಸ್ಥೆಗೆ ಕಾಲಿಟ್ಟ ಹೊಸತರಲ್ಲೇ 1968ನ್ನು ಮಾನವ ಹಕ್ಕುಗಳ ಅಂತರರಾಷ್ಟ್ರೀಯ ವರ್ಷವಾಗಿ ಆಚರಿಸುವ ಪ್ರಸ್ತಾವ ಮುಂದಿಟ್ಟಿತು. ರಾಯಭಾರಿ ಎಗರ್ಟನ್ ರಿಚರ್ಡ್ಸನ್ ಅದನ್ನು ಹಿಡಿದು ಕೂತರು. 1968ರ ಟೆಹ್ರಾನ್ ಸಮ್ಮೇಳನ ಅದರ ಫಲ. 1989ರಲ್ಲಿ ಟ್ರಿನಿಡಾಡ್ ಮತ್ತು ಟೊಬೆಗೊದ ಪ್ರಧಾನಿ ಎ. ಎನ್. ಆರ್. ರಾಬಿನ್ಸನ್, ಮೂಲೆಗುಂಪಾಗಿದ್ದ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ವಿಚಾರವನ್ನು ಮಹಾಸಭೆಗೆ ಮತ್ತೆ ತಂದರು.

ಈ ಸಾಲಿನ ಇತ್ತೀಚಿನ ಹೆಸರು ವನುವಾಟು. 2019ರಲ್ಲಿ ಅದರ ರಾಜಧಾನಿ ಪೋರ್ಟ್ ವಿಲಾದಲ್ಲಿ ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯದ 27 ಕಾನೂನು ವಿದ್ಯಾರ್ಥಿಗಳಿಗೆ ತರಗತಿಯಲ್ಲಿ ಬಂದ ಯೋಚನೆ, ಹವಾಮಾನ ಬದಲಾವಣೆಯ ಬಗ್ಗೆ ದೇಶಗಳ ಕಾನೂನು ಬಾಧ್ಯತೆ ಏನೆಂದು ಅಂತರರಾಷ್ಟ್ರೀಯ ನ್ಯಾಯಾಲಯವನ್ನೇ ಏಕೆ ಕೇಳಬಾರದು ಎಂಬುದು. ವನುವಾಟು ಸರಕಾರ ಅದನ್ನು ಕೈಗೆತ್ತಿಕೊಂಡಿತು. 2023ರ ಮಾರ್ಚ್ 29ರಂದು ಮಹಾಸಭೆ ಮತಕ್ಕೆ ಹಾಕದೆ ಸರ್ವಾನುಮತದಿಂದ ನಿರ್ಣಯ ಒಪ್ಪಿತು. 2024ರ ಡಿಸೆಂಬರ್‌ನ ವಿಚಾರಣೆಯಲ್ಲಿ 96 ದೇಶಗಳು ಮಾತಾಡಿದವು. 2025ರ ಜುಲೈ 23ರಂದು ನ್ಯಾಯಾಲಯ ಒಮ್ಮತದಿಂದ ಅಭಿಪ್ರಾಯ ಕೊಟ್ಟಿತು. ಶುದ್ಧವಾದ, ಆರೋಗ್ಯಕರ ಪರಿಸರದ ಹಕ್ಕು ಉಳಿದ ಮಾನವ ಹಕ್ಕುಗಳನ್ನು ಅನುಭವಿಸಲು ಅಗತ್ಯ ಎಂದಿತು. ವಾತಾವರಣವನ್ನು ಕಾಪಾಡುವ ಬಾಧ್ಯತೆ ಇಡೀ ಲೋಕಕ್ಕೆ ಸಲ್ಲುವಂಥದ್ದು ಎಂದೂ ಹೇಳಿತು. ಇಥಿಯೋಪಿಯಾ, ಲೈಬೀರಿಯಾಗಳ ಸೋಲಿನ ಬೂದಿಯಿಂದ ಹುಟ್ಟಿದ ಅದೇ ತತ್ತ್ವ ಈಗ ಮುಳುಗುವ ದ್ವೀಪಗಳವರೆಗೆ ಹೋಗಿ ತಲುಪಿದೆ.

ಆ ವಿಚಾರಣೆಯಲ್ಲಿ ಭಾರತ, ಈಗಿರುವ ಹವಾಮಾನ ಒಪ್ಪಂದಗಳನ್ನು ಮೀರಿ ಹೊಸ ಬಾಧ್ಯತೆ ಹೊರಿಸಬೇಡಿ ಎಂದು ವಾದಿಸಿತು. ಹೊಗೆ ಉಗುಳಿ ಶ್ರೀಮಂತರಾದ ದೇಶಗಳ ಹಳೆಯ ಹೊಣೆಗಾರಿಕೆ ಮರೆಯಾಗಬಾರದು ಎಂಬ ಭಾರತದ ಆತಂಕದಲ್ಲಿ ನ್ಯಾಯವಿದೆ. ಆದರೂ ವನುವಾಟುವಿನ ಎದುರು ನಾವು ಎಚ್ಚರಿಕೆಯ ಮಾತಾಡುವ ಬದಿಯಲ್ಲಿ ನಿಂತದ್ದನ್ನು ಓದಿದಾಗ, 1946ರ ಆ ಡಿಸೆಂಬರ್‌ನಲ್ಲಿ ಪನಾಮಾ, ಕ್ಯೂಬಾಗಳ ಪಕ್ಕದಲ್ಲಿ ನಿಂತಿದ್ದ ದೇಶ ನೆನಪಾಗಿ ನನಗೆ ಬೇಸರವಾಯಿತು.

ಆ ಪಕ್ಕಕ್ಕೆ ಮರಳಲು ಇರುವ ಒಂದು ದಾರಿ ತೀರ ಸರಳವಾದದ್ದು. ರುವಾಂಡಾ ಕೂಡ ನರಮೇಧ ತಡೆ ಒಪ್ಪಂದದ 9ನೆಯ ವಿಧಿಗೆ ವಿನಾಯಿತಿ ಬರೆದಿತ್ತು. ಅದರ ಬಲದಿಂದಲೇ, ಕಾಂಗೋ ಹೂಡಿದ್ದ ದಾವೆಯಿಂದ 2006ರಲ್ಲಿ ಪಾರಾಗಿತ್ತು. ಗೆಲುವು ತಂದುಕೊಟ್ಟ ಆ ವಿನಾಯಿತಿಯನ್ನು 2008ರ ಡಿಸೆಂಬರ್‌ನಲ್ಲಿ ಅದು ತಾನಾಗಿಯೇ ಹಿಂದಕ್ಕೆ ಪಡೆಯಿತು. ಅದಕ್ಕೆ ಬೇಕಾದದ್ದು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಗೆ ಒಂದು ಪತ್ರ. ಭಾರತ 1959ರಲ್ಲಿ ಬರೆದ ವಾಕ್ಯ ಇನ್ನೂ ಹಾಗೆಯೇ ಇದೆ.